ನಿನ್ನ ಹೆಸರನ್ನು ನೀನೇ ಹೇಳು

ಹದಿನೇಳನೆಯ ವಯಸ್ಸಿನಲ್ಲಿ ವಿದ್ಯಾರ್ಥಿವೇತನದ ಖಾತೆ ತೆರೆಯಲೆಂದು ಅಣ್ಣನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಪೇಟೆಯ ಬ್ಯಾಂಕಿಗೆ ಹೋಗಿದ್ದೆ. ಕೌಂಟರಿನ ಆಚೆ ಕೂತವರು ನನ್ನ ಕಾಲಿನ ಕ್ಯಾಲಿಪರ್ ನೋಡಿದರು, ಕಂಕುಳಲ್ಲಿದ್ದ ಊರುಗೋಲು ನೋಡಿದರು. ಆಮೇಲೆ ಅಣ್ಣನ ಮುಖ ನೋಡಿ ಕೇಳಿದರು: “ಇವಳ ಹೆಸರೇನಪ್ಪಾ? ಸಹಿ ಮಾಡೋಕೆ ಬರುತ್ತಾ?”

ಅಣ್ಣ ನನ್ನ ಹೆಸರು ಹೇಳಿದ. “ಬರುತ್ತೆ ಸಾರ್, ಪಿಯುಸಿ ಓದ್ತಿದ್ದಾಳೆ” ಎಂದ. ನಾನು ನೆಲ ನೋಡುತ್ತ ನಿಂತಿದ್ದೆ. ಪೋಲಿಯೊ ಬಂದದ್ದು ನನ್ನ ಎಡಗಾಲಿಗೆ. ನಾಲಿಗೆಗೂ ಬಂದಿರಲಿಲ್ಲ, ಕೈಗೂ ಬಂದಿರಲಿಲ್ಲ. ಆದರೂ ಆ ಹೊತ್ತು ನನ್ನ ಹೆಸರು ನನ್ನ ಬಾಯಿಂದ ಹೊರಡಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಬ್ಯಾಂಕಿನವರ ಮೇಲೆ ಸಿಟ್ಟು ಕುದಿಯುತ್ತಿತ್ತು. ರಾತ್ರಿ ಮಲಗಿದಾಗ ನಿಜ ಹೊಳೆಯಿತು. ಅವರು ಕೇಳಿದ್ದು ತಪ್ಪು, ಸರಿ. ಆದರೆ ಹುಟ್ಟಿದಂದಿನಿಂದ ನನ್ನ ಪ್ರಶ್ನೆಗಳಿಗೆಲ್ಲ ಬೇರೆಯವರೇ ಉತ್ತರ ಕೊಡುತ್ತ ಬಂದಿದ್ದರು, ನನಗೆ ಅದು ರೂಢಿಯಾಗಿಬಿಟ್ಟಿತ್ತು.

ತಂಗೀ, ತಮ್ಮಾ, ಇದನ್ನು ಓದುತ್ತಿರುವ ನಿನಗೂ ಇಂಥ ಗಳಿಗೆಗಳು ಹೊಸವಲ್ಲ. ಮದುವೆಮನೆಯಲ್ಲಿ ನಿನ್ನ ಎಲೆಯ ಮುಂದೆ ನಿಂತು, “ಇವನಿಗೆ ಇನ್ನೊಂದು ಹೋಳಿಗೆ ಹಾಕ್ಲಾ?” ಎಂದು ನಿನ್ನ ಅಮ್ಮನನ್ನು ಕೇಳಿರುತ್ತಾರೆ. ನಿನ್ನ ಹೊಟ್ಟೆನೋವಿನ ಬಗ್ಗೆ ವೈದ್ಯರು ನಿನ್ನ ಅಪ್ಪನನ್ನು ವಿಚಾರಿಸಿರುತ್ತಾರೆ. ಬಸ್ಸಿನಲ್ಲಿ ಕಂಡಕ್ಟರ್, “ಇವರೆಲ್ಲಿ ಇಳೀಬೇಕು?” ಎಂದು ಪಕ್ಕದವರ ಕಡೆ ತಿರುಗಿರುತ್ತಾರೆ. ಗಾಲಿಕುರ್ಚಿಯಲ್ಲಿ ಕೂತವರು, ಬಿಳಿಕೋಲು ಹಿಡಿದವರು, ಕಿವಿ ಕೇಳದವರು, ಮಾತು ತಡವರಿಸುವವರು, ಅರ್ಥ ಮಾಡಿಕೊಳ್ಳಲು ತುಸು ಹೆಚ್ಚು ಹೊತ್ತು ಬೇಕಾದವರು, ನಮ್ಮೆಲ್ಲರಿಗೂ ಇದು ಸಾಮಾನ್ಯ ಅನುಭವ. ಇಂಥ ಪುಟ್ಟ ಪುಟ್ಟ ಗಳಿಗೆಗಳಲ್ಲೇ ನಮ್ಮ ಬದುಕು ನಮ್ಮ ಕೈ ತಪ್ಪುತ್ತದೆ. ಅದನ್ನು ಮರಳಿ ಪಡೆಯುವುದೂ ಅಲ್ಲಿಯೇ.

ನಿನ್ನಲ್ಲಿ ನನ್ನ ಬೇಡಿಕೆ ಒಂದೇ: ನಿನ್ನ ಹೆಸರನ್ನು ನೀನೇ ಹೇಳು. ಬಾಯಿಂದಲೇ ಹೇಳಬೇಕೆಂದೇನಿಲ್ಲ. ಸಂಜ್ಞಾಭಾಷೆಯಲ್ಲಿ ಹೇಳು, ಚೀಟಿಯಲ್ಲಿ ಬರೆದು ತೋರಿಸು, ಚಿತ್ರದ ಹಲಗೆಯ ಮೇಲೆ ಬೆರಳಿಡು, ಮೊಬೈಲಿನಲ್ಲಿ ಟೈಪು ಮಾಡಿ ಅದರಿಂದಲೇ ಓದಿಸು, ಕಣ್ಣಿನಲ್ಲಿ ಹೌದು-ಇಲ್ಲ ಎನ್ನು. ದಾರಿ ಯಾವುದಾದರೂ ಆಗಲಿ, ಉತ್ತರ ನಿನ್ನಿಂದ ಹೊರಡಲಿ. “ಬಾಯಿದ್ದವನು ಬರಗಾಲದಲ್ಲೂ ಬದುಕಿದ” ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಸ್ವಾವಲಂಬನೆ ಎಂಬ ಮಾತು ಕೇಳಿದೊಡನೆ ನಮ್ಮ ಎದೆ ಕುಗ್ಗುತ್ತದೆ. ‘ಎಲ್ಲವನ್ನೂ ನಾನೇ ಮಾಡಿಕೊಳ್ಳಬೇಕೇ? ಬಟ್ಟೆ ಹಾಕಿಕೊಳ್ಳುವುದಕ್ಕೇ ಇನ್ನೊಬ್ಬರು ಬೇಕಲ್ಲ!’ ಎನಿಸುತ್ತದೆ. ಹಾಗಾದರೆ ನಮ್ಮ ಹಳ್ಳಿಯ ರೈತನನ್ನು ನೋಡು. ನಾಟಿಗೆ, ಕೊಯ್ಲಿಗೆ ಅವನು ಮುಯ್ಯಾಳು ಕರೆಯುತ್ತಾನೆ. ಇಂದು ಅವರು ಇವನ ಗದ್ದೆಗೆ, ನಾಳೆ ಇವನು ಅವರ ಗದ್ದೆಗೆ. ಅಷ್ಟಕ್ಕೆ ಅವನನ್ನು ಯಾರಾದರೂ ಪರಾವಲಂಬಿ ಎನ್ನುತ್ತಾರೆಯೇ? ಯಾವ ಬೆಳೆ ಇಡಬೇಕು, ಯಾವತ್ತು ನಾಟಿ ಎಂದು ನಿಶ್ಚಯಿಸುವವನು ಅವನೇ. ಅದಕ್ಕೇ ಅವನು ಗದ್ದೆಯ ಯಜಮಾನ. ನಮ್ಮ ಮಟ್ಟಿಗೂ ಅಷ್ಟೇ. ಅಂಗಿ ತೊಡಿಸುವ ಕೈ ಇನ್ನೊಬ್ಬರದಿರಲಿ, ಇವತ್ತು ಯಾವ ಅಂಗಿ ಎಂಬುದು ನಿನ್ನ ತೀರ್ಮಾನವಾಗಲಿ. ಆ ತೀರ್ಮಾನವೇ ಸ್ವಾವಲಂಬನೆ.

ಈ ಮಾತನ್ನು ಬದುಕಿ ತೋರಿಸಿದವರೊಬ್ಬರ ಕತೆ ಕೇಳು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ ರಾಬರ್ಟ್ಸ್ ಎಂಬ ಹುಡುಗನಿಗೆ ಹದಿನಾಲ್ಕನೆಯ ವಯಸ್ಸಿನಲ್ಲಿ ಪೋಲಿಯೊ ತಗಲಿತು. ಕುತ್ತಿಗೆಯಿಂದ ಕೆಳಗೆ ದೇಹ ಹೇಳಿದಂತೆ ಕೇಳದು, ರಾತ್ರಿ ಉಸಿರಾಡಲು ಕಬ್ಬಿಣದ ದೊಡ್ಡ ಯಂತ್ರದೊಳಗೆ ಮಲಗಬೇಕು. ಇವನ ವೈಕಲ್ಯ ತೀರಾ ಹೆಚ್ಚು, ಇವನಿಂದ ಎಂದಿಗೂ ಉದ್ಯೋಗ ಸಾಧ್ಯವಿಲ್ಲ ಎಂದು ಅಲ್ಲಿನ ಪುನರ್ವಸತಿ ಇಲಾಖೆಯವರು ಷರಾ ಬರೆದರು. ಎಡ್ ಪಟ್ಟು ಬಿಡದೆ 1962ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯ ಸೇರಿದರು. ತಮ್ಮಂತೆಯೇ ಗಾಲಿಕುರ್ಚಿಯಲ್ಲಿದ್ದ ಗೆಳೆಯರನ್ನು ಕೂಡಿಸಿಕೊಂಡರು. 1972ರಲ್ಲಿ ಆ ಊರಿನಲ್ಲಿ ಸ್ವತಂತ್ರ ಬದುಕಿನ ಕೇಂದ್ರ ತಲೆಯೆತ್ತಿತು. ಅಲ್ಲಿ ವಿಕಲಚೇತನರಿಗೆ ದಾರಿ ತೋರಿಸುವವರು ವಿಕಲಚೇತನರೇ. 1975ರಲ್ಲಿ ಎಡ್ ರಾಬರ್ಟ್ಸ್ ಮುಖ್ಯಸ್ಥರಾಗಿ ನೇಮಕವಾದದ್ದು ಯಾವ ಇಲಾಖೆಗೆ ಗೊತ್ತೇ? ‘ಇವನಿಂದ ಉದ್ಯೋಗ ಸಾಧ್ಯವಿಲ್ಲ’ ಎಂದು ಬರೆದಿದ್ದ ಅದೇ ಪುನರ್ವಸತಿ ಇಲಾಖೆಗೆ! ಊಟ ಮಾಡಿಸಲು, ಕುರ್ಚಿಗೆ ಎತ್ತಿ ಕೂರಿಸಲು ಅವರಿಗೆ ಕೊನೆಯವರೆಗೂ ಸಹಾಯಕರು ಬೇಕಿದ್ದರು. ಆದರೆ ಅವರ ಬದುಕಿನ ಕಡಿವಾಣ ಅವರ ಕೈಯಲ್ಲೇ ಇತ್ತು.

ನಮ್ಮ ನೆಲದಲ್ಲೂ ಈ ಕಸುವಿಗೆ ಬರವಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆ. ಕಣ್ಣು ಕಾಣದ ಪಂಚಾಕ್ಷರಿ ಗವಾಯಿಗಳು ಕಣ್ಣು ಕಾಣದ ಮಕ್ಕಳಿಗೆ ಸಂಗೀತ ಕಲಿಸಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಅದನ್ನು ಮುಂದುವರಿಸಿ, ಸಾವಿರಾರು ಮಕ್ಕಳ ಕೈಗೆ ತಬಲಾ, ಹಾರ್ಮೋನಿಯಂ, ಪಿಟೀಲು ಕೊಟ್ಟು ಅನ್ನದ ದಾರಿ ತೋರಿಸಿದರು. ಎಳೆಯ ಮಗುವಾಗಿದ್ದಾಗಲೇ ಪೋಲಿಯೊ ತಗಲಿದ ಬೆಂಗಳೂರಿನ ಮಾಲತಿ ಹೊಳ್ಳ ಗಾಲಿಕುರ್ಚಿಯಲ್ಲೇ ದೇಶ-ವಿದೇಶಗಳ ಅಂಗಳದಲ್ಲಿ ಪದಕಗಳನ್ನು ಗೆದ್ದು ಅರ್ಜುನ ಪ್ರಶಸ್ತಿ, ಪದ್ಮಶ್ರೀ ಪಡೆದರು. ಹಾಸನ ಜಿಲ್ಲೆಯ ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಹಾರಿ ಬೆಳ್ಳಿ ತಂದರು.

ಇವರ ಹೆಸರು ಕೇಳಿ ಹೆಮ್ಮೆಪಡು. ಜೊತೆಗೆ ಇನ್ನೊಂದು ಮಾತು ನೆನಪಿಡು. ಮರ್ಯಾದೆ ಸಿಗಬೇಕಾದರೆ ನೀನು ಪದಕ ಗೆಲ್ಲಬೇಕಾಗಿಲ್ಲ. ಎಲ್ಲರಂತೆ ಸಾಧಾರಣವಾಗಿ ಬದುಕುವುದಕ್ಕೆ, ಕಾಲೇಜಿಗೆ ಹೋಗುವುದಕ್ಕೆ, ಸಂತೆಯಲ್ಲಿ ಚೌಕಾಸಿ ಮಾಡುವುದಕ್ಕೆ, ಜಾತ್ರೆಯಲ್ಲಿ ಅಲೆಯುವುದಕ್ಕೆ, ತಪ್ಪು ಮಾಡಿ ತಿದ್ದಿಕೊಳ್ಳುವುದಕ್ಕೆ, ಮನಸ್ಸು ಕೊಟ್ಟು ಮದುವೆಯಾಗುವುದಕ್ಕೆ ನಿನಗೆ ಹಕ್ಕಿದೆ. ‘ಅಯ್ಯೋ ಪಾಪ’ ಎನ್ನುವವರೂ ‘ಅಬ್ಬಾ, ಎಂಥ ಸಾಧನೆ’ ಎನ್ನುವವರೂ ಕೆಲವೊಮ್ಮೆ ನಿನ್ನನ್ನು ತಮ್ಮ ಪಂಕ್ತಿಯಿಂದ ದೂರವೇ ಕೂರಿಸುತ್ತಾರೆ. ನಿನಗೆ ಬೇಕಾದದ್ದು ಪಂಕ್ತಿಯಲ್ಲೊಂದು ಎಲೆ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಮನೆಯಿಂದಲೇ. ನಾಳೆ ಬೆಳಿಗ್ಗೆ ನಿನ್ನ ಬಟ್ಟೆಯನ್ನು ನೀನೇ ಆರಿಸು. ನೀನು ನುಂಗುವ ಮಾತ್ರೆಯ ಹೆಸರೇನು, ಯಾತಕ್ಕೆ, ಯಾವ ಹೊತ್ತಿಗೆ ಎಂದು ತಿಳಿದುಕೋ. ವಾರಕ್ಕೆ ನೂರು ರೂಪಾಯಿ ಕೈಗೆ ಕೇಳಿ ತೆಗೆದುಕೊಂಡು ಅದರ ಲೆಕ್ಕ ಬರೆದಿಡು. ಬರೆಯಲಾಗದಿದ್ದರೆ ಮೊಬೈಲಿನಲ್ಲಿ ಹೇಳಿ ದಾಖಲಿಸು. ಬೀದಿ ತುದಿಯ ಅಂಗಡಿಯಿಂದ ಒಂದು ಪೊಟ್ಟಣ ಉಪ್ಪು ತಂದರೂ ಅದು ನಿನ್ನ ಮೊದಲ ದಂಡಯಾತ್ರೆಯೇ. ಚಹಾ ಕಾಸುವುದನ್ನು ಕಲಿ. ಮೊದಲ ದಿನ ಹಾಲು ಉಕ್ಕಿ ಚೆಲ್ಲುತ್ತದೆ, ಚೆಲ್ಲಲಿ. ಹಾಲು ಚೆಲ್ಲದೆ ಅಡುಗೆ ಕಲಿತವರು ಯಾವ ಮನೆಯಲ್ಲೂ ಇಲ್ಲ.

ಆಮೇಲೆ ನಿನ್ನ ಕಾಗದಗಳನ್ನು ನೀನೇ ಕೈಗೆ ತೆಗೆದುಕೋ. ಯುಡಿಐಡಿ ಕಾರ್ಡು, ಆಧಾರ್, ಅಂಕಪಟ್ಟಿ, ಬ್ಯಾಂಕಿನ ಪಾಸ್‌ಬುಕ್ಕು, ಆಸ್ಪತ್ರೆಯ ಚೀಟಿಗಳು ಇವೆಲ್ಲ ಅಪ್ಪನ ಬೀರುವಿನಲ್ಲಿದ್ದರೆ, ಒಂದು ಫೈಲು ಮಾಡಿ ನಿನ್ನ ಬಳಿ ಇಟ್ಟುಕೋ. ನಿನ್ನ ವೈಕಲ್ಯದ ಹೆಸರೇನು, ಪ್ರಮಾಣಪತ್ರದಲ್ಲಿ ಶೇಕಡಾ ಎಷ್ಟು ಎಂದು ಬರೆದಿದೆ, ನಿನಗೆ ಸಿಗಬೇಕಾದದ್ದೇನು ಎಂದು ಯಾರಾದರೂ ಕೇಳಿದರೆ ತಡವರಿಸದೆ ಹೇಳುವಂತಿರಬೇಕು. ಸಾರಿಗೆ ಸಂಸ್ಥೆಯ ರಿಯಾಯಿತಿ ಪಾಸು ಮಾಡಿಸು. ಮನೆಯಿಂದ 100 ಕಿಲೋಮೀಟರ್ ವ್ಯಾಪ್ತಿಯ ಲೋಕ ಅಂದೇ ನಿನ್ನ ಮುಂದೆ ತೆರೆಯುತ್ತದೆ. ಕಣ್ಣು ಕಾಣದವರು ಮೊಬೈಲಿನ ಟಾಕ್‌ಬ್ಯಾಕ್ ಕಲಿಯಿರಿ, ಕಂಪ್ಯೂಟರಿನಲ್ಲಿ ಎನ್‌ವಿಡಿಎ ಹಾಕಿಕೊಳ್ಳಿ. ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶವನ್ನು ಕಟ್ಟಿ ಉಚಿತವಾಗಿ ಕೊಟ್ಟವರು ಆಸ್ಟ್ರೇಲಿಯಾದ ಇಬ್ಬರು ತರುಣರು; ಅವರಿಗೂ ಕಣ್ಣು ಕಾಣುವುದಿಲ್ಲ.

ಇನ್ನು ಕಾನೂನು. 1995ರ ಹಳೆಯ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನಷ್ಟೇ ಗುರುತಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸಿದೆ. ಶೇ 40 ಮತ್ತು ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳವರಿಗೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ 4, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಮೀಸಲಾತಿ ಕೊಟ್ಟಿದೆ. ಆ ಕಾಯ್ದೆಯ 13ನೆಯ ಸೆಕ್ಷನ್ ನನಗೆ ಬಹಳ ಪ್ರಿಯ. ಆಸ್ತಿ ಹೊಂದುವುದಕ್ಕೆ, ಹಣಕಾಸಿನ ವ್ಯವಹಾರ ನೋಡಿಕೊಳ್ಳುವುದಕ್ಕೆ, ಬ್ಯಾಂಕಿನಲ್ಲಿ ಸಾಲ ಪಡೆಯುವುದಕ್ಕೆ ನಮಗೂ ಎಲ್ಲರಷ್ಟೇ ಹಕ್ಕಿದೆ ಎಂದು ಅದು ಹೇಳುತ್ತದೆ. ಅಂದು ಆ ಕೌಂಟರಿನ ಮುಂದೆ ನೆಲ ನೋಡುತ್ತ ನಿಂತಿದ್ದ ಹುಡುಗಿಯ ಪರವಾಗಿಯೇ ಯಾರೋ ಬರೆದಂತಿದೆ.

ಅದೇ ಕಾಯ್ದೆಯಲ್ಲಿ ಇನ್ನೊಂದು ಬಲವಾದ ಅಂಶವಿದೆ. ನಿನಗಿರುವ ಅಡ್ಡಿ ನಿವಾರಣೆಯಾಗುವಂತೆ ಶಾಲೆ, ಕಚೇರಿ, ಪರೀಕ್ಷೆಗಳು ತಮ್ಮ ಕ್ರಮವನ್ನು ತುಸು ಬದಲಿಸಿಕೊಳ್ಳಬೇಕು. ತಮಗೆ ಅತಿಯಾದ ಹೊರೆಯಾಗದಿದ್ದರೂ ಹಾಗೆ ಮಾಡಲು ನಿರಾಕರಿಸಿದರೆ ಅದು ತಾರತಮ್ಯ. ಮೇಲಿನ ಮಹಡಿಯ ತರಗತಿಯನ್ನು ಕೆಳಗಿಳಿಸುವುದು, ದೊಡ್ಡಕ್ಷರದ ಪ್ರಶ್ನೆಪತ್ರಿಕೆ, ಪರೀಕ್ಷೆಗೆ ಲಿಪಿಕಾರರು, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಇವು ಯಾರೂ ನಿನ್ನ ಮೇಲೆ ತೋರುವ ದಯೆಯಲ್ಲ. ವಿಕಾಸ್ ಕುಮಾರ್ ಎಂಬ ತರುಣನಿಗೆ ಬರೆಯಲು ಹೊರಟರೆ ಕೈ ಸೆಟೆದುಕೊಳ್ಳುತ್ತಿತ್ತು. ನಾಗರಿಕ ಸೇವಾ ಪರೀಕ್ಷೆಗೆ ಲಿಪಿಕಾರರನ್ನು ಕೇಳಿದಾಗ, ನಿಯಮದಲ್ಲಿ ಹೇಳಿದ ಪಟ್ಟಿಗೆ ನೀನು ಸೇರುವುದಿಲ್ಲ ಎಂಬ ಉತ್ತರ ಬಂತು. ಅವರು ಸುಪ್ರೀಂ ಕೋರ್ಟಿನವರೆಗೂ ಹೋದರು. 2021ರ ಫೆಬ್ರವರಿಯಲ್ಲಿ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ಒಬ್ಬ ತರುಣ ಕೇಳಿದ ಪ್ರಶ್ನೆಯಿಂದ ದೇಶದ ಎಷ್ಟೋ ಮಕ್ಕಳಿಗೆ ಪರೀಕ್ಷಾ ಕೊಠಡಿಯ ಬಾಗಿಲು ತೆರೆಯಿತು.

ಕೋಲ್ಕತ್ತದ ಜೀಜಾ ಘೋಷ್ ಅವರದು ಸೆರೆಬ್ರಲ್ ಪಾಲ್ಸಿ. 2012ರಲ್ಲಿ ಗೋವಾದ ಸಮ್ಮೇಳನಕ್ಕೆ ಹೊರಟಿದ್ದ ಅವರನ್ನು ಆಗಲೇ ಸೀಟಿನಲ್ಲಿ ಕೂತಿದ್ದಾಗ ವಿಮಾನದಿಂದ ಕೆಳಗಿಳಿಸಿದರು. ಅವರು ಆ ಅವಮಾನವನ್ನು ನುಂಗಿಕೊಳ್ಳಲಿಲ್ಲ. ನಾಲ್ಕು ವರ್ಷಗಳ ನಂತರ, 2016ರಲ್ಲಿ, ಅವರಿಗೆ ಹತ್ತು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿತು. ಹಣಕ್ಕಿಂತ ದೊಡ್ಡದು, ದೇಶದ ಅತ್ಯುನ್ನತ ನ್ಯಾಯಾಲಯ ನಮ್ಮ ಘನತೆಯ ಬಗ್ಗೆ ಅಂದು ಆಡಿದ ಮಾತು.

ಎಲ್ಲರೂ ಕೋರ್ಟಿಗೆ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಕೇಳುವುದಕ್ಕೊಂದು ಕ್ರಮವಿದೆ, ಅದನ್ನು ಕಲಿ ಎನ್ನುತ್ತಿದ್ದೇನೆ. ಮೂರು ವಾಕ್ಯ ಸಾಕು. ನನಗಿರುವ ಅಡ್ಡಿ ಇದು. ನನಗೆ ಬೇಕಾದದ್ದು ಇದು. ಇಂಥ ದಿನದೊಳಗೆ ಬೇಕು. “ನನಗೆ ಮೆಟ್ಟಿಲು ಹತ್ತಲಾಗುವುದಿಲ್ಲ. ನಮ್ಮ ತರಗತಿಯನ್ನು ನೆಲಮಹಡಿಗೆ ತನ್ನಿ. ಸೋಮವಾರದಿಂದ ಆಗುವಂತೆ ದಯವಿಟ್ಟು ನೋಡಿ ಸಾರ್.” ಅಳಬೇಕಾಗಿಲ್ಲ, ಕೂಗಾಡಬೇಕಾಗಿಲ್ಲ. ಕನ್ನಡಿಯ ಮುಂದೆ ಹತ್ತು ಸಲ ಅಭ್ಯಾಸ ಮಾಡು, ಗೆಳೆಯರನ್ನು ಅಧಿಕಾರಿಯಂತೆ ಎದುರು ಕೂರಿಸಿಕೊಂಡು ಮಾತಾಡಿ ನೋಡು. ಬಾಯಿಮಾತಿಗೆ ಬಗ್ಗದಿದ್ದರೆ ಅರ್ಜಿ ಬರೆ. ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೇ ಬಾ. ಉತ್ತರ ಬರದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳು. 30 ದಿನದೊಳಗೆ ಅವರು ಉತ್ತರಿಸಬೇಕು. ಅಲ್ಲೂ ಆಗದಿದ್ದರೆ ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು ಕೊಡು. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಅಧಿಕಾರ ಅವರಿಗಿದೆ.

ಬೇಕು ಎನ್ನುವುದನ್ನು ಕಲಿತಂತೆಯೇ ಬೇಡ ಎನ್ನುವುದನ್ನೂ ಕಲಿ. ಕೇಳದೆ ನಿನ್ನ ಗಾಲಿಕುರ್ಚಿ ತಳ್ಳಲು ಬಂದರೆ, “ಬೇಡ, ಬೇಕಾದಾಗ ನಾನೇ ಕೇಳ್ತೀನಿ” ಎನ್ನು. ರಸ್ತೆ ದಾಟಿಸುತ್ತೇನೆಂದು ತೋಳು ಹಿಡಿದು ಎಳೆದರೆ, “ನೀವು ಹಿಡೀಬೇಡಿ, ನಾನೇ ನಿಮ್ಮ ತೋಳು ಹಿಡ್ಕೋತೀನಿ” ಎನ್ನು. ನಿನ್ನ ಮೈ ನಿನ್ನದು. ಸಹಾಯದ ನೆಪದಲ್ಲಿ ಮುಟ್ಟಬಾರದಲ್ಲಿ ಯಾರೇ ಮುಟ್ಟಲಿ, ಅವರು ನೆಂಟರಾಗಿರಲಿ, ಮೇಷ್ಟ್ರಾಗಿರಲಿ, ಜೋರಾಗಿ ಬೇಡ ಎನ್ನು, ನಂಬಿಕೆಯವರಿಗೆ ಕೂಡಲೇ ತಿಳಿಸು. ತಂಗಿಯರೇ, ಇದನ್ನು ನಿಮಗೆ ವಿಶೇಷವಾಗಿ ಹೇಳುತ್ತಿದ್ದೇನೆ. ಸಹಾಯ ಪಡೆಯುವವರು ಎಲ್ಲವನ್ನೂ ಸಹಿಸಬೇಕೆಂಬ ಸಾಲಪತ್ರಕ್ಕೆ ನಾವು ಯಾರೂ ಸಹಿ ಹಾಕಿಲ್ಲ.

ಒಬ್ಬರೇ ಹೋರಾಡಿ ಸುಸ್ತಾಗಬೇಡಿ. 2011ರ ಜನಗಣತಿಯ ಪ್ರಕಾರವೇ ಕರ್ನಾಟಕದಲ್ಲಿ ನಾವು 13 ಲಕ್ಷಕ್ಕೂ ಹೆಚ್ಚು ಜನ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ವಿಆರ್‌ಡಬ್ಲ್ಯು, ಎಂಆರ್‌ಡಬ್ಲ್ಯು ಎಂದರೆ ಪಂಚಾಯಿತಿಯಲ್ಲಿ ಎಲ್ಲರಿಗೂ ಗೊತ್ತು. ಅವರಲ್ಲಿ ಬಹಳಷ್ಟು ಮಂದಿ ನಮ್ಮಂತೆಯೇ ವೈಕಲ್ಯವುಳ್ಳವರು. ಅವರ ಫೋನ್ ನಂಬರು ನಿನ್ನ ಮೊಬೈಲಿನಲ್ಲಿರಲಿ. ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ಶೇ 5ರಷ್ಟು ವಿಕಲಚೇತನರಿಗಾಗಿಯೇ ಖರ್ಚಾಗಬೇಕು. ಆ ಹಣ ಕಳೆದ ವರ್ಷ ಏನಾಯಿತು ಎಂದು ಗ್ರಾಮಸಭೆಯಲ್ಲಿ ಕೇಳುವವರು ಯಾರು? ನಿನ್ನ ಓಣಿಯ, ಪಕ್ಕದ ಹಳ್ಳಿಯ ನಾಲ್ಕು ಜನ ಗೆಳೆಯರನ್ನು ಜೊತೆ ಮಾಡಿಕೊಂಡು ಹೋಗು. ಒಬ್ಬರು ಕೇಳಿದರೆ ಗೊಣಗಾಟ ಎನ್ನುತ್ತಾರೆ, ಐದು ಜನ ಕೇಳಿದರೆ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಹದಿನೆಂಟು ತುಂಬಿದೊಡನೆ ಮತದಾರರ ಪಟ್ಟಿಗೆ ಹೆಸರು ಸೇರಿಸು. ಮತಗಟ್ಟೆಯ ಇಳಿಜಾರು ಸರಿಯಿಲ್ಲದಿದ್ದರೆ ಅದನ್ನೂ ಬರೆದುಕೊಡು. ‘ನಮ್ಮನ್ನು ಬಿಟ್ಟು ನಮ್ಮ ಬಗ್ಗೆ ಏನೂ ಬೇಡ’ ಎಂಬುದು ಜಗತ್ತಿನ ವಿಕಲಚೇತನರ ಒಕ್ಕೊರಲ ಘೋಷಣೆ. ನಿನ್ನ ಊರಿನಲ್ಲಿ ಅದಕ್ಕೆ ದನಿ ನೀನು.

ಅಪ್ಪ ಅಮ್ಮಂದಿರೇ, ನಿಮಗೂ ಎರಡು ಮಾತು. ನಿಮ್ಮ ಪ್ರೀತಿಯ ಮೇಲೆ ನನಗೆ ಅನುಮಾನವಿಲ್ಲ. ‘ನಮ್ಮ ನಂತರ ಇದರ ಗತಿ ಏನು’ ಎಂದು ರಾತ್ರಿಯೆಲ್ಲ ನಿದ್ದೆಗೆಟ್ಟ ತಾಯಂದಿರನ್ನು ನಾನು ಬಲ್ಲೆ. ಆ ಚಿಂತೆಗೆ ಮದ್ದು ಇವತ್ತಿನಿಂದಲೇ ಶುರುವಾಗಬೇಕು. ಮಗು ಒಂದು ಗುಂಡಿ ಹಾಕಿಕೊಳ್ಳಲು ಐದು ನಿಮಿಷ ತೆಗೆದುಕೊಂಡರೆ ಕೈ ಕಟ್ಟಿ ಕಾಯಿರಿ. ಬುದ್ಧಿಬೆಳವಣಿಗೆ ನಿಧಾನವಿರುವ ಮಗಳಿಗೂ ಎರಡು ಲಂಗ ತೋರಿಸಿ ಯಾವುದು ಎಂದು ಕೇಳಿ; ಅವಳ ಬೆರಳು ಒಂದರ ಕಡೆ ಹೋಗುತ್ತದೆ. ಯಾರಾದರೂ ಅವಳ ಬಗ್ಗೆ ನಿಮ್ಮನ್ನು ಪ್ರಶ್ನಿಸಿದರೆ, ಉತ್ತರ ನಾಲಿಗೆಯ ತುದಿಗೆ ಬಂದರೂ ತಡೆದುಕೊಳ್ಳಿ.

ನನ್ನ ಕತೆಯ ಉಳಿದರ್ಧ ಹೇಳಿ ಮುಗಿಸುತ್ತೇನೆ. ವಿದ್ಯಾರ್ಥಿವೇತನ ಜಮೆಯಾದಾಗ ಅಣ್ಣನಿಗೆ ಹೇಳದೆ ನಾನೊಬ್ಬಳೇ ಬಸ್ಸು ಹತ್ತಿದೆ. ಬಸ್ಸಿನ ಮೆಟ್ಟಿಲು ಎತ್ತರ. ಊರುಗೋಲನ್ನು ಮೊದಲು ಒಳಗೆ ಕೊಟ್ಟು, ಕಂಬಿ ಹಿಡಿದು ಹತ್ತಿದೆ. ನಿಲ್ದಾಣದಿಂದ ಬ್ಯಾಂಕಿನವರೆಗೆ ನಾಲ್ಕು ಕಡೆ ಕೂತು ನಡೆದೆ. ಕೌಂಟರಿನ ಆಚೆ ಅದೇ ಮುಖ. “ಜೊತೆಗೆ ಯಾರೂ ಬಂದಿಲ್ವೇನಮ್ಮಾ?” ಎಂದರು. ಎದೆ ಹೊಡೆದುಕೊಳ್ಳುತ್ತಿತ್ತು. “ಖಾತೆ ನನ್ನದು ಸಾರ್, ನಾನೇ ಬಂದಿದ್ದೀನಿ” ಎಂದೆ. ಕೇಳದಿದ್ದರೂ ನನ್ನ ಹೆಸರನ್ನು ಪೂರ್ತಿಯಾಗಿ, ಅಪ್ಪನ ಹೆಸರಿನ ಅಕ್ಷರ ಸಮೇತ, ಹೇಳಿದೆ. ಅವರು ತಲೆಯೆತ್ತಿ ಮೊದಲ ಬಾರಿಗೆ ನನ್ನ ಕಣ್ಣು ನೋಡಿದರು. ಹಣ ಎಣಿಸಿ ನನ್ನ ಕೈಗೇ ಕೊಟ್ಟರು.

ಬರುವಾಗ ಅಣ್ಣನಿಗೊಂದು ಪೊಟ್ಟಣ ಜಿಲೇಬಿ ತಂದೆ. ಹೇಳದೆ ಹೋದದ್ದಕ್ಕೆ ಬೈದ, ಜಿಲೇಬಿ ತಿಂದ. ಮುಂದಿನ ತಿಂಗಳು ಊರ ತೇರಿನಲ್ಲಿ ನೆಂಟರೊಬ್ಬರು ಅವನ ಹೆಗಲ ಮೇಲೆ ಕೈಯಿಟ್ಟು, “ನಿನ್ನ ತಂಗಿ ಮುಂದೇನು ಮಾಡ್ತಾಳಂತೆ?” ಎಂದು ಕೇಳಿದರು. ಅಣ್ಣ ನನ್ನ ಕಡೆ ತಿರುಗಿ ನಕ್ಕ.

“ಅವಳೇ ಇದ್ದಾಳಲ್ಲ, ಅವಳನ್ನೇ ಕೇಳಿ” ಎಂದ.

ತಂಗೀ, ತಮ್ಮಾ, ಅವರು ನಿನ್ನ ಕಡೆ ತಿರುಗುವ ಹೊತ್ತಿಗೆ ನಿನ್ನ ಉತ್ತರ ಸಿದ್ಧವಿರಲಿ.